ಕೋವಿ ಹೊರಗಿಟ್ಟು ಬನ್ನಿ

ಇಡೀ ನೆದರ್‌ಲ್ಯಾಂಡ್ಸಿನಲ್ಲಿ ಕೋವಿಯೇ ಇಲ್ಲದೆ ಕೋವಿ ಹೊತ್ತು ತಿರುಗುವ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಮಾವ ಒಬ್ಬರೇ. ಸುಳ್ಳು ಅನ್ನಿಸಿದರೆ ಯಾವುದಾದರೂ ಶನಿವಾರ ಬೆಳಗ್ಗೆ ವೆಲ್ಡ್‌ಹೋವನ್ನಿನ ಅಂಗಡಿ ಬೀದಿಗೆ ಬಂದು ನೋಡಿ. ಬ್ರೆಡ್ಡಿನ ಅಂಗಡಿಯ ಗಾಜಿನ ಬಾಗಿಲು ತಾನೇ ತೆರೆದು, ತಾನೇ ಮುಚ್ಚಿ, ಮತ್ತೆ ತೆರೆದು, ಮತ್ತೆ ಮುಚ್ಚಿ ಒದ್ದಾಡುತ್ತಿದ್ದರೆ ಅದರ ಮುಂದೆ ನಿಂತಿರುವವರು ಅವರೇ. ಒಳಗೂ ಹೋಗುವುದಿಲ್ಲ, ಹಿಂದಕ್ಕೂ ಸರಿಯುವುದಿಲ್ಲ. ಎತ್ತರದ ಆಳು, ಪೂರ್ತಿ ಬೆಳ್ಳಗಾದ ಮೀಸೆ, ಎಡ ಭುಜದ ಮೇಲೆ ಮಾಸಿದ ಖಾಕಿ ಕ್ಯಾನ್ವಾಸಿನ ಉದ್ದನೆಯ ಚೀಲ. ಕೌಂಟರಿನ ಹುಡುಗಿ ತಲೆಯೆತ್ತಿ ನೋಡುವ ತನಕ ಕಾಯುತ್ತಾರೆ. ನೋಡಿದಳೋ, ಇಪ್ಪತ್ತೆಂಟು ವರ್ಷದಲ್ಲಿ ಕಲಿತ ಡಚ್ಚಿನಲ್ಲಿ ಶುರು.

"ನಮಸ್ಕಾರ ಮೆಫ್ರೌ. ಇದು ಕೋವಿಯ ಚೀಲ. ಒಳಗೆ ಕೋವಿ ಇಲ್ಲ. ಇದನ್ನು ಅಂಗಡಿಯೊಳಗೆ ತರಬಹುದೋ, ಹೊರಗೆ ಇಡಬೇಕೋ?"

ನೀವೇ ಹೇಳಿ, ಮೆಫ್ರೌ, ಅಂದರೆ ಮೇಡಂ, ಅನ್ನಿಸಿಕೊಂಡು ಬ್ರೆಡ್ಡು ಮಾರಿಕೊಂಡಿರುವ ಹುಡುಗಿ ಇದಕ್ಕೆ ಏನಂತ ಉತ್ತರ ಕೊಡಬೇಕು? ಬಂದೂಕು ಎಂಬ ಮಾತನ್ನೇ ಜನ ಟಿವಿಯಲ್ಲಿ ಮಾತ್ರ ಕೇಳುವ ದೇಶ ಇದು. ಇವರು ಬಾಯಿಮುಚ್ಚಿಕೊಂಡು ಒಳಗೆ ಹೋಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಕಾಲುವೆಗೊಬ್ಬ ಮೀನು ಹಿಡಿಯುವವನು ಕೂತಿರುವ ಊರಿನಲ್ಲಿ ಉದ್ದ ಚೀಲ ಕಂಡರೆ ಗಾಳದ ಕೋಲು ಅಂದುಕೊಂಡು ಸುಮ್ಮನಾಗುತ್ತಾರೆ. ಆದರೆ ಮಾವ ಬಾಯಿಮುಚ್ಚಿಕೊಳ್ಳುವವರಲ್ಲ.

"ಮಾವ, ಸುಮ್ನೆ ಒಳಗೆ ಹೋಗಿ ಬ್ರೆಡ್ ತಗೊಂಡು ಬನ್ನಿ. ಯಾರೂ ಕೇಳಲ್ಲ," ಅಂತ ನಾನು ಎಷ್ಟೋ ಸಲ ಹೇಳಿದ್ದೇನೆ.

"ಅವರು ಕೇಳದಿದ್ರೆ ನಾನು ಕೇಳ್ಬೇಕಲ್ಲ. ಅಂಗಡಿ ಅವರದ್ದು ಮಾರಾಯ್ತಿ. ನಿಂದೂ ಅಲ್ಲ, ನಂದೂ ಅಲ್ಲ."

ಇವರು ನನಗೆ ಸ್ವಂತ ಮಾವ ಏನಲ್ಲ. ಒಂಬತ್ತು ವರ್ಷದ ಹಿಂದೆ ನಾನು ಮೈಸೂರಿನಿಂದ ಇಲ್ಲಿನ ಚಿಪ್ ಯಂತ್ರಗಳ ಕಂಪನಿಗೆ ಕೆಲಸಕ್ಕೆ ಬಂದ ಮೊದಲ ಚಳಿಗಾಲದಲ್ಲಿ, ರೌಂಡ್ ಅಬೌಟ್ ಒಂದರಲ್ಲಿ ಸೈಕಲ್ಲಿನಿಂದ ಬಿದ್ದು "ಅಯ್ಯೋ ಅಮ್ಮ" ಅಂದೆ. ಅಷ್ಟು ಹೊತ್ತು ಪಕ್ಕದಲ್ಲಿ ಡಚ್ಚರ ಹಾಗೆ ಗಂಭೀರವಾಗಿ ನಿಂತಿದ್ದ ದೊಡ್ಡ ಮೀಸೆಯ ಮನುಷ್ಯ ಓಡಿ ಬಂದು ನನ್ನನ್ನೂ ಸೈಕಲ್ಲನ್ನೂ ಒಟ್ಟಿಗೆ ಎತ್ತಿ ನಿಲ್ಲಿಸಿದರು. "ಥ್ಯಾಂಕ್ಸ್ ಅಂಕಲ್" ಅಂದೆ. "ಅಂಕಲ್ ಅಂತ ನೀವು ಬಸ್ ಡ್ರೈವರಿಗೂ ಅಂತೀರಿ. ಮಾವ ಅನ್ನು. ನಡಿ, ಮನೇಲಿ ನಿಂಗೊಬ್ಬಳು ಅತ್ತೆ ಇದ್ದಾಳೆ," ಅಂದರು. ಹೋದೆ. ಇದ್ದರು. ಅಕ್ಕಿ ರೊಟ್ಟಿಗೆ ಜೇನುತುಪ್ಪ ಹಾಕಿಕೊಟ್ಟು, ಮಂಡಿಯ ಗಾಯಕ್ಕೆ ಅರಿಶಿನ ಹಚ್ಚಿ, ನನ್ನ ಸೈಕಲ್ಲಿನ ಸೀಟು ಎತ್ತರವಾಯಿತು ಅಂತ ಗಂಡನಿಗೇ ಬೈದರು. ಇಬ್ಬರೂ ಕೊಡಗಿನವರು, ಮಕ್ಕಳಿಲ್ಲ. ಮಾವ ಯಂತ್ರದ ಬಿಡಿಭಾಗಗಳ ವರ್ಕ್‌ಶಾಪ್ ಒಂದರಲ್ಲಿ ಅಳತೆ ಪರೀಕ್ಷೆ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು.

ಈಗ ಆ ಮನೆಯಲ್ಲಿ ಮಾವ ಒಬ್ಬರೇ. ಅತ್ತೆ ಹೋದ ವರ್ಷದ ಹಿಂದಿನ ವರ್ಷ ತೀರಿಕೊಂಡರು. ಇದನ್ನು ನಗೆಬರಹದ ಮೊದಲ ಪುಟದಲ್ಲೇ ಹೇಳಿಬಿಡುವುದು ಸರಿಯೋ ತಪ್ಪೋ ತಿಳಿಯದು. ಆದರೆ ಹೇಳದಿದ್ದರೆ ಮಾವ ನಿಮಗೆ ಬರೀ ತಮಾಷೆಯ ಮನುಷ್ಯರಾಗಿ ಕಾಣುತ್ತಾರೆ. ಅತ್ತೆಯ ಹೆಸರಿನಲ್ಲಿ ಈ ದೇಶದ ಆಕಾಶಕ್ಕೆ ಎರಡೇ ಎರಡು ಗುಂಡಿನ ಸದ್ದು ಆಗಬೇಕು ಅನ್ನುವುದು ಅವರ ಆಸೆ. ಅದು ಆಗುವ ತನಕ ಅವರಿಗೆ ಸಮಾಧಾನವಿಲ್ಲ. ಅದು ಸುಲಭದ ಕೆಲಸವೂ ಅಲ್ಲ, ಯಾಕೆಂದರೆ ಮಾವ ಯಾರನ್ನೂ ಕೇಳದೆ ಏನನ್ನೂ ಮಾಡುವವರಲ್ಲ.

ಈ ಕೇಳುವ ರೋಗ ಅವರಿಗೆ ಅಂಟಿದ್ದು ಊರಲ್ಲೇ. ಕೊಡಗಿನ ಮನೆಗಳಲ್ಲಿ ಕೋವಿಗೆ ಲೈಸೆನ್ಸಿನ ಗೊಡವೆಯಿಲ್ಲ ಅನ್ನುವುದು ನಿಮಗೂ ಗೊತ್ತಿರಬಹುದು. ನಮ್ಮ ಮೈಸೂರಿನಲ್ಲಿ ಪೇಟೆಗೆ ಹೊರಟವರು ಕೈಚೀಲ ಹುಡುಕುವಷ್ಟೇ ಸಹಜವಾಗಿ ಮಾವ ಕೋವಿಯನ್ನು ಭುಜಕ್ಕೆ ಹಾಕಿಕೊಂಡು ಹೊರಡುತ್ತಿದ್ದರಂತೆ. ಆದರೆ ಅವರ ತಂದೆಯದ್ದು ಕಟ್ಟುನಿಟ್ಟು. ಯಾರ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೂ ತೋಟಾ ತೆಗೆದು ಜೇಬಿಗೆ ಹಾಕಬೇಕು, ಕೋವಿಯನ್ನು ಬಿಚ್ಚಿ ಖಾಲಿ ಅಂತ ತೋರಿಸಬೇಕು, ಆಮೇಲೆ ಒಳಗೆ ತರಲೋ ಅಂತ ಕೇಳಬೇಕು. ಅಂಗಡಿಯವನು ಬೇಡ ಅಂದರೆ ಯಾಕೆ ಅಂತ ಕೇಳಕೂಡದು. "ಕಾನೂನು ನಿನಗೆ ಕೋವಿ ಕೊಟ್ಟಿರಬಹುದು, ಅವನ ಬಾಗಿಲು ಕೊಟ್ಟಿಲ್ಲ," ಅಂತ ಅಪ್ಪ ಹೇಳಿದ್ದನ್ನು ಮಾವ ನನಗೆ ಕಡಿಮೆಯೆಂದರೆ ನಲವತ್ತು ಸಲ ಹೇಳಿದ್ದಾರೆ. ನಾನೂ ಪ್ರತಿ ಸಲ ಹೊಸದಾಗಿ ಕೇಳಿದವಳ ಹಾಗೆ ಹೌದಾ ಅಂದಿದ್ದೇನೆ.

ಹೀಗೇ ಒಂದು ದಿನ ತಾಯಿಗೆ ಜ್ವರ ಬಂತೆಂದು ವಿರಾಜಪೇಟೆಯ ಔಷಧಿ ಅಂಗಡಿಗೆ ಹೋದರಂತೆ. ಬಾಗಿಲಲ್ಲಿ ನಿಂತು ತೋಟಾ ತೆಗೆದು ಇನ್ನೇನು ಬಾಯಿ ತೆರೆಯಬೇಕು, ಕೌಂಟರಿನ ಹಿಂದೆ ಕೂತು ಏನೋ ಬರೆಯುತ್ತಿದ್ದ ಹುಡುಗಿ ತಲೆಯನ್ನೂ ಎತ್ತದೆ ಹೇಳಿದಳಂತೆ, "ಕೋವಿ ಹೊರಗಿಟ್ಟು ಬನ್ನಿ."

ಮಾವ ಹೊರಗಿಟ್ಟು ಬಂದರು. ಮಾತ್ರೆ ತಗೊಂಡರು. ತಾಯಿಯ ಜ್ವರ ಎರಡೇ ದಿನಕ್ಕೆ ಇಳಿಯಿತು. ಆದರೆ ಮಗ ಒಂದೂವರೆ ತಿಂಗಳು ದಿನಾ ಹೋಗಿ ಜ್ವರದ ಮಾತ್ರೆ ತಂದ. ದಿನಾ ಕೋವಿ ಹೊತ್ತುಕೊಂಡೇ ಹೋದ, ಆ ಮಾತು ಕೇಳುವುದಕ್ಕೆ. ಕೊನೆಗೆ ಹುಡುಗಿಯೇ ತಲೆಯೆತ್ತಿ, "ನಿಮ್ಮ ಅಮ್ಮ ಇನ್ನೂ ಇದ್ದಾರಾ?" ಅಂತ ಕೇಳಿದಳಂತೆ. ಅವಳೇ ನಮ್ಮ ಅತ್ತೆ. ಮಾವ ಇಲ್ಲಿಗೆ ಬರುವಾಗ ಆ ಮಾತ್ರೆಗಳಲ್ಲಿ ಉಳಿದದ್ದನ್ನೂ ತಂದಿದ್ದರಂತೆ. ಏನೇ ಕಾಯಿಲೆ ಅಂತ ಹೋದರೂ ಪ್ಯಾರಸಿಟಮಾಲ್ ನುಂಗಿ ಮಲಗಿ ಅನ್ನುವ ಈ ದೇಶಕ್ಕೆ ಇಷ್ಟು ತಯಾರಾಗಿ ಬಂದ ವಲಸಿಗ ಇನ್ನೊಬ್ಬ ಇರಲಾರ.

ಕೋವಿ ಊರಲ್ಲಿ ಅಣ್ಣನ ಹತ್ತಿರ ಉಳಿಯಿತು. ಚೀಲ ಮಾತ್ರ ಬಂತು, ಅದರಲ್ಲಿ ಅತ್ತೆಯ ಉದ್ದ ಕೊಡೆ ತುರುಕಿಕೊಂಡು. ಇಲ್ಲಿನ ಗಾಳಿಗೆ ಕೊಡೆ ಎಷ್ಟು ಹೊತ್ತು ಬಾಳುತ್ತದೆ? ಮೊದಲ ವಾರವೇ ಅದು ಹಿಂದುಮುಂದಾಗಿ ಎರಡು ಕಡ್ಡಿ ಮುರಿಯಿತು. ಆದರೂ ಚೀಲದಲ್ಲೇ ಉಳಿಯಿತು. ಭುಜಕ್ಕೆ ಏನೂ ಇಲ್ಲದೆ ನಡೆದರೆ ಬಲಕ್ಕೆ ವಾಲುತ್ತೇನೆ ಅನ್ನುವುದು ಮಾವನ ವಾದ. ಅತ್ತೆ ಇದ್ದಾಗ ಅಂಗಡಿಯವರನ್ನು ಕೇಳುವ ಪ್ರಶ್ನೆಯೇ ಇರಲಿಲ್ಲ. ಬಾಗಿಲ ಹತ್ತಿರ ಬಂದ ಕೂಡಲೇ ಅತ್ತೆಯೇ, "ಅದನ್ನ ಹೊರಗಿಟ್ಟು ಬನ್ನಿ," ಅನ್ನುತ್ತಿದ್ದರು. ಮಾವ ಚೀಲವನ್ನು ಸೈಕಲ್ ಸ್ಟ್ಯಾಂಡಿಗೆ ಒರಗಿಸಿ ಮಗುವಿನ ಹಾಗೆ ಹಿಂದೆ ಹೋಗುತ್ತಿದ್ದರು. ಇಬ್ಬರೂ ಮುಸಿಮುಸಿ ನಗುತ್ತಿದ್ದರು. ನನಗೆ ಆಗ ಇದು ಸ್ವಲ್ಪ ಅತಿಯಾಯಿತು ಅನ್ನಿಸುತ್ತಿತ್ತು.

ಅತ್ತೆ ಇದ್ದಾಗಿನ ಇನ್ನೊಂದು ಕತೆ ಹೇಳಬೇಕು, ಅದು ನನ್ನ ಮಗಳು ಹುಟ್ಟಿದ ದಿನದ್ದು. ಕೊಡಗಿನಲ್ಲಿ ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ. "ಹೆಣ್ಣಿಗೂ ಹಾರಿಸ್ಬೇಕು. ನನ್ನಪ್ಪ ನಂಗೆ ಹಾರಿಸಿಲ್ಲ, ಇವತ್ತಿಗೂ ನಂಗೆ ಸಿಟ್ಟುಂಟು," ಅಂತ ಅತ್ತೆಯ ಹಟ. ಮಾವ ಆಸ್ಪತ್ರೆಯ ಕಾರಿಡಾರಿನಲ್ಲಿ ನರ್ಸನ್ನು ಹಿಡಿದು ಕೇಳಿದರು, "ಇಲ್ಲಿ ಒಂದು ಸದ್ದು ಮಾಡಬಹುದಾ? ಒಂದೇ ಒಂದು."

ಡಚ್ಚರು ಗಾಬರಿಯಾಗುವ ಮೊದಲು ವಿವರ ಕೇಳುತ್ತಾರೆ. "ಎಷ್ಟು ದೊಡ್ಡದು?" ಅಂದಳು ನರ್ಸು.

"ಮೂರು ಊರಿಗೆ ಕೇಳ್ಬೇಕು."

"ಹಾಗಾದರೆ ಬೇಡ. ಮಕ್ಕಳು ಮಲಗಿವೆ."

ಮಾವ ಥ್ಯಾಂಕ್ಸ್ ಹೇಳಿ ಕೆಳಗೆ ಕಾರ್ ಪಾರ್ಕಿಗೆ ಹೋದರು. ಬ್ರೆಡ್ಡಿನ ಕಾಗದದ ಚೀಲ ಊದಿ, ಎರಡು ಕೈಯಲ್ಲೂ ಹೊಡೆದು ಒಡೆದರು. ಮೂರನೇ ಮಹಡಿಯ ಕಿಟಕಿಯಲ್ಲಿದ್ದ ನನಗೆ ಟಪ್ ಅಂತಲೂ ಕೇಳಿಸಲಿಲ್ಲ. ಮಾವ ಮೇಲೆ ನೋಡಿ ಎರಡೂ ಕೈ ಎತ್ತಿದ್ದು ಕಾಣಿಸಿತು. ನನ್ನ ಮಗಳ ಹುಟ್ಟನ್ನು ಜಗತ್ತಿಗೆ ಸಾರಿದ್ದು ಒಂದು ಬ್ರೆಡ್ ಕವರು.

ಅವರು ಮೇಲೆ ಬಂದ ಮೇಲೆ ಸುಮ್ಮನಿರಲಾರದೆ ಕೇಳಿದೆ. "ಹುಟ್ಟಿದ್ರೆ ಒಂದು. ಸತ್ರೆ ಎಷ್ಟು ಮಾವ?"

"ಸತ್ರೆ ಎರಡು. ಒಟ್ಟೊಟ್ಟಿಗೆ. ಆಗ ಯಾರೂ ಯಾರ ಮನೆಗೂ ಹೋಗಿ ಹೇಳ್ಬೇಕಾಗಿಲ್ಲ. ಎರಡು ಕೇಳಿದವರು ಕೈಲಿದ್ದದ್ದು ಬಿಟ್ಟು ಬರ್ತಾರೆ. ಮನೆಗೊಬ್ಬರಾದ್ರೂ ಬರ್ಲೇಬೇಕು."

"ಹಸುಗೂಸಿನ ಎದುರು ಎಂತ ಮಾತದು," ಅಂತ ಅತ್ತೆ ಬೈದರು.

ಅತ್ತೆ ತೀರಿಕೊಂಡದ್ದು ಒಂದು ಅಕ್ಟೋಬರಿನಲ್ಲಿ. ನನಗೆ ಗೊತ್ತಾದದ್ದು ಹನ್ನೊಂದು ದಿನ ಆದ ಮೇಲೆ. ನನ್ನ ಮನೆಯಿಂದ ಅವರ ಮನೆಗೆ ಸೈಕಲ್ಲಿನಲ್ಲಿ ಹತ್ತು ನಿಮಿಷ. ಆ ಹನ್ನೊಂದು ದಿನದಲ್ಲಿ ನಾನು ಆಫೀಸಿಗೆ ಹೋಗುತ್ತಾ ಅವರ ಮನೆಯ ಮುಂದೆ ನಾಲ್ಕು ಸಲವಾದರೂ ಹಾದುಹೋಗಿದ್ದೇನೆ. ಈ ದೇಶದಲ್ಲಿ ಯಾರೂ ಕಿಟಕಿಯ ಪರದೆ ಎಳೆಯುವುದಿಲ್ಲವಲ್ಲ, ಮಾವ ಮೇಜಿನ ಮುಂದೆ ಕೂತಿದ್ದು ಕಾಣಿಸುತ್ತಿತ್ತು. ನಾನು ಕೈ ಬೀಸಿದೆ. ಅವರೂ ಬೀಸಿದರು. ಮೀಟಿಂಗಿಗೆ ಹೊತ್ತಾಯಿತು ಅಂತ ಪೆಡಲ್ ತುಳಿದೆ.

ದೀಪಾವಳಿಗೆ ಮೈಸೂರುಪಾಕು ಕೊಡಲು ಹೋದಾಗ, "ಅತ್ತೆ ಎಲ್ಲಿ?" ಅಂದೆ. ಮಾವ ಮಾತಾಡದೆ ಗೋಡೆಯ ಕಡೆ ತೋರಿಸಿದರು. ಅಲ್ಲಿ ಅತ್ತೆಯ ಫೋಟೋ, ಕೆಳಗೊಂದು ದೀಪ. ನಾನು ಅತ್ತುಬಿಟ್ಟೆ, ರೇಗಿದೆ, ಮತ್ತೆ ಅಳತೊಡಗಿದೆ. ಒಂದು ಫೋನ್ ಮಾಡಬಾರದಾ, ಒಂದು ಮೆಸೇಜ್ ಹಾಕಬಾರದಾ, ನಾವೆಲ್ಲ ಸತ್ತುಹೋಗಿದ್ದೆವಾ ಅಂತೆಲ್ಲ ಕೂಗಾಡಿದೆ.

"ಎಂತ ಹೇಳೋದು? ನಮ್ಮಲ್ಲಿ ಬಾಯಲ್ಲಿ ಹೇಳಿ ಅಭ್ಯಾಸ ಇಲ್ಲ ಮಾರಾಯ್ತಿ," ಅಂದರು. "ನಾಲ್ಕು ಸಲ ಫೋನ್ ಕೈಗೆ ತಗೊಂಡೆ. ಮಾತು ಬರ್ಲಿಲ್ಲ."

ಊರಲ್ಲಿ ಅಣ್ಣ ಎರಡು ಗುಂಡು ಹಾರಿಸಿದ್ದರಂತೆ, ಊರಿಗೆ ಊರೇ ಮನೆಗೆ ಬಂದಿತ್ತಂತೆ. ಹಾಗಾದರೆ ಆಯಿತಲ್ಲ ಮಾವ ಅಂದೆ. "ಹೇಗೆ ಆಗ್ತದೆ? ಅವಳು ಇಪ್ಪತ್ತೇಳು ವರ್ಷ ಇದ್ದದ್ದು ಇಲ್ಲಿ. ಇಲ್ಲಿಯವರಿಗೆ ಗೊತ್ತಾಗೋದು ಬೇಡ್ವಾ?" ಅಂದರು. ಇಲ್ಲಿಯವರಲ್ಲಿ ನಾನೂ ಒಬ್ಬಳು.

ಆಮೇಲೆ ಶುರುವಾಯಿತು ನೋಡಿ, ಅಂಗಡಿ ಬಾಗಿಲುಗಳಲ್ಲಿ ನಿಂತು ಕೇಳುವ ಕಾರ್ಯಕ್ರಮ. ಹೇಳುವವರು ಮನೆಯಲ್ಲಿ ಇಲ್ಲದ ಮೇಲೆ ಹೊರಗಿನವರನ್ನೇ ಕೇಳಬೇಕಲ್ಲ. ಬ್ರೆಡ್ಡಿನವಳು ಮೊದಮೊದಲು ನಕ್ಕು, "ತನ್ನಿ ತನ್ನಿ, ಏನೂ ತೊಂದರೆಯಿಲ್ಲ," ಅನ್ನುತ್ತಿದ್ದಳು. ಚೀಸಿನ ಅಂಗಡಿಯವನೂ ಅದನ್ನೇ ಅಂದ. ಗ್ರಂಥಾಲಯದಲ್ಲೂ ಅದೇ. ಎಲ್ಲರೂ ಒಳಗೆ ಬನ್ನಿ ಅಂದಷ್ಟೂ ಮಾವನ ಮುಖ ಸಣ್ಣದಾಗುತ್ತಿತ್ತು.

ಸೂಪರ್ ಮಾರ್ಕೆಟ್ಟಿನಲ್ಲಂತೂ ಕೇಳೋಣವೆಂದರೆ ಜನವೇ ಇಲ್ಲ. ಸಾಮಾನನ್ನು ನಾವೇ ಸ್ಕ್ಯಾನ್ ಮಾಡಿ, ನಾವೇ ಚೀಲಕ್ಕೆ ತುಂಬಿ, ನಾವೇ ಗೇಟು ತೆರೆದುಕೊಂಡು ಬರುವ ವ್ಯವಸ್ಥೆ. ಮಾವ ಆ ಯಂತ್ರದ ಮುಂದೆ ನಿಂತು, "ಇದು ಕೋವಿಯ ಚೀಲ," ಅಂತ ಶುರು ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಯಂತ್ರ, "ನಿಮ್ಮ ಬೋನಸ್ ಕಾರ್ಡ್ ಇದೆಯೇ?" ಅಂತ ಕೇಳಿತು. ಮಾವ ಇಲ್ಲ ಅಂದರು. ಅಲ್ಲಿಗೆ ಅವತ್ತಿನ ಮಾತುಕತೆ ಮುಗಿಯಿತು.

ಒಂಟಿಯಾಗಿರುವ ಹಿರಿಯರಿಗೆ ಅಂತ ಇಲ್ಲಿ ಕೆಲವು ಕಡೆ ಮಾತಿನ ಕೌಂಟರು ಅಂತ ಒಂದು ಇಟ್ಟಿರುತ್ತಾರೆ. ಅಲ್ಲಿ ಅವಸರವಿಲ್ಲ, ಬಿಲ್ ಹಾಕುವವರು ಸಮಾಧಾನದಿಂದ ಹರಟೆ ಹೊಡೆಯುತ್ತಾರೆ. ನಾನೇ ಹುಡುಕಿ ಕಳಿಸಿದೆ. ಹೋಗಿ ಬಂದವರು ಸೋಫಾದಲ್ಲಿ ಕುಸಿದು ಕೂತರು.

"ಹೇಗಿತ್ತು ಮಾವ?"

"ಒಳ್ಳೇ ಹೆಂಗಸು ಪಾಪ. ಏನು ಬೇಕಾದ್ರೂ ತನ್ನಿ, ಹೇಗೆ ಬೇಕಾದ್ರೂ ಬನ್ನಿ ಅಂತಾಳೆ."

"ಮತ್ತೆ ಒಳ್ಳೇದೇ ಆಯ್ತಲ್ಲ?"

"ಬೇಡ ಅನ್ನೋದೇ ಇಲ್ಲ ಮಾರಾಯ್ತಿ ಅವಳು."

ಕೊನೆಗೊಂದು ದಿನ ಬೇಡ ಅನ್ನುವವನೂ ಸಿಕ್ಕಿದ, ಆದರೆ ಸ್ವಲ್ಪ ಜಾಸ್ತಿಯೇ ಅಂದ. ತೋಟದ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಹೊಸದಾಗಿ ಸೇರಿದ ಗುಮಾಸ್ತ. ಮಾವನ ವಾಕ್ಯದಲ್ಲಿ ಕೋವಿ ಅನ್ನುವ ತನಕ ಕೇಳಿ, ಇಲ್ಲ ಅನ್ನುವುದರೊಳಗೆ ಸ್ಟೋರ್‌ರೂಮಿಗೆ ಓಡಿ ಪೊಲೀಸರಿಗೆ ಫೋನ್ ಮಾಡಿದ್ದ. ಇಬ್ಬರು ಪೊಲೀಸರು ಸೈಕಲ್ಲಿನಲ್ಲಿ ಬಂದರು. ಗಂಡಸೊಬ್ಬ, ಹೆಂಗಸೊಬ್ಬಳು. ಮಾವ ಅವರನ್ನೇ ಕಾಯುತ್ತಿದ್ದವರ ಹಾಗೆ ಎರಡು ಹೆಜ್ಜೆ ಹಿಂದೆ ಸರಿದು, ಚೀಲವನ್ನು ನೆಲದ ಮೇಲಿಟ್ಟು, ತಾವೇ ಪಟ್ಟಿ ಬಿಚ್ಚಿ ತೋರಿಸಿದರು. ಒಳಗಿದ್ದದ್ದು ಎರಡು ಕಡ್ಡಿ ಮುರಿದ ಹೆಂಗಸರ ಕೊಡೆ, ಜೊತೆಗೆ ಆಗಷ್ಟೇ ಕೊಂಡ ಉದ್ದನೆಯ ಈರುಳ್ಳಿ ದಂಟು ನಾಲ್ಕು.

"ಇದು ಕೊಡೆಯ ಚೀಲ ಅಂದಿದ್ದರೆ ನಾವು ಬರಬೇಕಾಗಿರಲಿಲ್ಲ ಸಾರ್," ಅಂದಳು ಪೊಲೀಸಿನವಳು.

"ಇದು ಕೊಡೆಯ ಚೀಲ ಅಲ್ಲವಲ್ಲ. ಕೋವಿಯ ಚೀಲ. ಪೊಲೀಸರ ಹತ್ತಿರ ಸುಳ್ಳು ಹೇಳ್ಲಾ?"

"ಹಾಗಾದರೆ ಏನೂ ಹೇಳಬೇಡಿ."

"ಹೇಳದಿದ್ರೆ ಅಂಗಡಿಯವನು ನಿರ್ಧಾರ ಮಾಡೋದು ಹೇಗೆ?"

ಆಕೆ ಸಹೋದ್ಯೋಗಿಯ ಮುಖ ನೋಡಿದಳು. ಆತ ಈರುಳ್ಳಿ ದಂಟಿನ ಕಡೆ ನೋಡಿದ. ಇಬ್ಬರಿಗೂ ಇದಕ್ಕೆ ತರಬೇತಿ ಕೊಟ್ಟಿರಲಿಲ್ಲ. ಮಾವ ಅವರನ್ನು ಮನೆಗೆ ಕಾಫಿಗೆ ಕರೆದರು. ಇನ್ನೊಂದು ಕಡೆ ಹೋಗಬೇಕು ಅಂತ ಪೊಲೀಸರು ಕೈಕುಲುಕಿ ಹೊರಟರು. ಇದನ್ನು ನನಗೆ ಹೇಳುವಾಗ ಮಾವ ಬಹಳ ನಕ್ಕರು. ಆಮೇಲೆ, "ಹತ್ತು ನಿಮಿಷ ಮಾತಾಡಿದ್ರು ಇಬ್ರೂ. ಕಾಫಿಪುಡಿ ಊರಿಂದ ಬಂದದ್ದು ಅಂತ ಹೇಳ್ಬೇಕಿತ್ತು, ಬರ್ತಿದ್ರೋ ಏನೋ," ಅಂದರು.

ಇದರ ನಡುವೆ ಆ ಎರಡು ಸದ್ದಿನ ಪ್ರಯತ್ನವೂ ನಡೆದೇ ಇತ್ತು. ಮೊದಲು ಶೂಟಿಂಗ್ ಕ್ಲಬ್ಬಿಗೆ ಹೋದರು. ಗಡ್ಡದ ಮನುಷ್ಯನೊಬ್ಬ ಕಾಫಿಯ ಜೊತೆ ಒಂದು, ಒಂದೇ, ಬಿಸ್ಕತ್ತು ಕೊಟ್ಟು ಎಲ್ಲ ಕೇಳಿಸಿಕೊಂಡ. ಇಲ್ಲಿ ಗುರಿಯ ಹಲಗೆಗೆ ಮಾತ್ರ ಹೊಡೆಯಬಹುದು, ಆಕಾಶಕ್ಕೆ ಹೊಡೆಯುವಂತಿಲ್ಲ ಅಂತ ಮರುಗುತ್ತಲೇ ಹೇಳಿದ. ಮಾವ ಥ್ಯಾಂಕ್ಸ್ ಹೇಳಿ ಬಂದರು. ಓಟದ ಸ್ಪರ್ಧೆ ನಡೆಸುವವರ ಹತ್ತಿರ ಢಂ ಅನ್ನಿಸಿ ಓಟ ಶುರು ಮಾಡುವ ಪಿಸ್ತೂಲು ಇರುತ್ತದಲ್ಲ, ಅವರನ್ನೂ ಕೇಳಿದರು. ಈಗ ಅದನ್ನು ಬಿಟ್ಟು ಎಲೆಕ್ಟ್ರಾನಿಕ್ ಬೀಪ್ ತಂದಿದ್ದೇವೆ, ಬೇಕಾದರೆ ಎರಡು ಬೀಪ್ ಮಾಡಿಕೊಡುತ್ತೇವೆ ಅಂದರು. ಅವರಿಗೂ ಥ್ಯಾಂಕ್ಸ್ ಹೇಳಿ ಬಂದರು.

ಆಮೇಲೆ ಖೆಮೇಂತೆ, ಅಂದರೆ ನಮ್ಮ ನಗರಸಭೆಯ ಕಚೇರಿ. ಇಲ್ಲಿ ಅದರ ಅಪ್ಪಣೆಯಿಲ್ಲದೆ ಮರದ ಕೊಂಬೆಯನ್ನೂ ಕಡಿಯುವಂತಿಲ್ಲ. ಜೊತೆಗೆ ನಾನೂ ಹೋಗಿದ್ದೆ. ಕಂಪ್ಯೂಟರಿನ ಹಿಂದೆ ಕೂತಿದ್ದ ಮಹಿಳೆ ಸದ್ದಿನ ಕಾರ್ಯಕ್ರಮಗಳ ಅರ್ಜಿ ತೆರೆದು ಒಂದೊಂದೇ ಕೇಳಿದಳು.

"ಕಾರ್ಯಕ್ರಮ ಎಷ್ಟು ಹೊತ್ತು?"

"ಒಂದು ಸೆಕೆಂಡು," ಅಂದರು ಮಾವ.

"ಎಷ್ಟು ಜನ ಸೇರಬಹುದು?"

ಮಾವ ಬಹಳ ಹೊತ್ತು ಯೋಚಿಸಿದರು. "ಅದು ಈಗ ಹೇಗೆ ಹೇಳೋದು? ಸದ್ದು ಆದ ಮೇಲೆ ಗೊತ್ತಾಗ್ತದೆ."

ಆಕೆ ಬರೆಯುವುದನ್ನು ನಿಲ್ಲಿಸಿ ಅವರನ್ನು ನೋಡಿದಳು. ಈ ತರಹದ್ದಕ್ಕೆ ಅರ್ಜಿ ಇಲ್ಲ, ಕ್ಷಮಿಸಿ ಅಂದಳು. ಮಾವ ಥ್ಯಾಂಕ್ಸ್ ಹೇಳಿ ಎದ್ದರು. ನನಗೆ ತಡೆಯಲಾಗಲಿಲ್ಲ. ಹೊರಗೆ ಬಂದು, "ಎಲ್ಲರಿಗೂ ಥ್ಯಾಂಕ್ಸ್ ಹೇಳ್ಕೊಂಡು ಬಂದ್ರೆ ಯಾವತ್ತು ಆಗತ್ತೆ ಮಾವ? ಸ್ವಲ್ಪ ಜಗಳ ಆಡಿ," ಅಂದೆ.

"ಜಗಳ ಆಡಿ ತಗೊಂಡ ಸದ್ದು ಅವಳಿಗೆ ಬೇಡ," ಅಂದರು. "ಕೋವಿ ವಿಷಯದಲ್ಲಿ ಅವಳು ಹೇಳಿದ ಮೊದಲ ಮಾತೇ ಹೊರಗಿಟ್ಟು ಬನ್ನಿ ಅಂತ."

ಬಸ್ ಸ್ಟಾಪಿನಲ್ಲಿ ಕೂತು, ಬ್ರೆಡ್ಡಿನ ಕವರು ಎರಡು ಒಡೆದರೆ ಆಗುವುದಿಲ್ಲವಾ ಅಂತ ಮೆಲ್ಲಗೆ ಕೇಳಿದೆ. ಮಾವ ಅಡ್ಡಡ್ಡ ತಲೆಯಾಡಿಸಿದರು. "ಹುಟ್ಟಿದವರಿಗೆ ಅಷ್ಟು ಸಾಕು. ಮುಂದೆ ಅವರಿಗೆ ಬೇಕಾದಷ್ಟು ಸದ್ದು ಇರ್ತದೆ."

ಆ ಚಳಿಗಾಲ ಕಳೆಯಿತು, ಬೇಸಿಗೆಯೂ ಬಂದು ಹೋಯಿತು. ನಾನು ವಾರಕ್ಕೆ ಎರಡು ಸಲ ಅವರ ಮನೆಗೆ ಹೋಗುವ ನಿಯಮ ಹಾಕಿಕೊಂಡೆ. ಹೋದಾಗೆಲ್ಲ ಊಟದ ಮೇಜಿನ ಮೇಲೆ ಎರಡು ತಟ್ಟೆ ಇರುತ್ತಿತ್ತು. ನನಗೆ ಅಂತ ಇಟ್ಟದ್ದು ಅಂದುಕೊಂಡಿದ್ದೆ. ಒಮ್ಮೆ ಹೇಳದೆ ಕೇಳದೆ, ನಾನು ಹೋಗುವ ದಿನವಲ್ಲದ ಮಂಗಳವಾರ ಹೋದೆ. ಅವತ್ತೂ ಎರಡು ತಟ್ಟೆ ಇತ್ತು.

ಹೋದ ಡಿಸೆಂಬರಿನಲ್ಲಿ ಆಫೀಸಿನ ಕ್ಯಾಂಟೀನಿನಲ್ಲಿ ಕೂತಿದ್ದಾಗ ಡಚ್ ಸಹೋದ್ಯೋಗಿಯೊಬ್ಬ ವರ್ಷದ ಕೊನೆಯ ದಿನದ ಮಾತೆತ್ತಿದ. ಉತ್ತರದ ಡ್ರೆಂತೆ ಕಡೆ ಹಳ್ಳಿಯವರು ಅವತ್ತು ಹೊಲದಲ್ಲಿ ಹಾಲಿನ ಕ್ಯಾನುಗಳನ್ನು ಸಾಲಾಗಿ ಮಲಗಿಸಿ ಫಿರಂಗಿಯ ಹಾಗೆ ಹಾರಿಸುತ್ತಾರಂತೆ. ಕ್ಯಾನಿನೊಳಗೆ ಹಾಕುವುದು ಕಾರ್ಬೈಡು. ನಮ್ಮೂರಲ್ಲಿ ಮಾವಿನಕಾಯಿಯನ್ನು ಕದ್ದುಮುಚ್ಚಿ ಹಣ್ಣು ಮಾಡುತ್ತಾರಲ್ಲ, ಅದೇ! ಅದಕ್ಕೆ ನೀರು ಚಿಮುಕಿಸಿ, ಮುಚ್ಚಳ ಬಡಿದು, ಹಿಂದಿನ ತೂತಿಗೆ ಬೆಂಕಿ ತೋರಿಸಿದರೆ ಮೂರು ಊರಿಗೆ ಕೇಳುವ ಸದ್ದು. ನನ್ನ ಕೈಯ ಸೂಪು ತಣ್ಣಗಾಯಿತು. ನಮ್ಮ ಕಡೆ ಯಾರಾದರೂ ಮಾಡುತ್ತಾರಾ ಅಂತ ಕೇಳಿದೆ. ಡ್ರೆಂತೆಯಿಂದ ಬಂದು ನೆಲೆಸಿದ ರೈತನೊಬ್ಬ ಇಲ್ಲೇ ಊರಾಚೆ ಪ್ರತಿ ವರ್ಷ ಪರವಾನಗಿ ತಗೊಂಡು ಹಾರಿಸುತ್ತಾನೆ, ಹಗಲು ಹೊತ್ತಿನಲ್ಲಿ ಯಾರು ಬೇಕಾದರೂ ಹೋಗಬಹುದು ಅಂದ.

ಮಾವನಿಗೆ ಹೇಳಿದೆ. ಮೂವತ್ತೊಂದನೇ ತಾರೀಕು ಮಧ್ಯಾಹ್ನ ಕಾರು ನಿಲ್ಲಿಸಿದಾಗ, ಮದುವೆಗೆ ಹೊರಟವರ ಹಾಗೆ ಕೋಟು ಹಾಕಿ, ಮೀಸೆ ಬಾಚಿ, ಭುಜಕ್ಕೆ ಚೀಲ ಏರಿಸಿ ಬಾಗಿಲಲ್ಲಿ ತಯಾರಾಗಿ ನಿಂತಿದ್ದರು. ಗಂಡ, ಮಗಳು ಮನೆಯಲ್ಲೇ ಉಳಿದರು. ಮನೆಗೊಬ್ಬರು ಬಂದರೆ ಸಾಕಲ್ಲ.

ಹೊಲದ ಗೇಟಿನ ಹತ್ತಿರ ಹಳದಿ ಜಾಕೆಟ್ಟಿನ ಹೆಂಗಸೊಬ್ಬಳು ಬಗ್ಗಿ ನಿಂತು ಡಬ್ಬಿಯಿಂದ ಕಿವಿಗೆ ಇಡುವ ರಬ್ಬರ್ ತುಂಡುಗಳನ್ನು ಜೋಡಿ ಜೋಡಿಯಾಗಿ ಎಣಿಸುತ್ತಿದ್ದಳು. ರೈತನ ಹೆಂಡತಿ. ಪಕ್ಕದ ಮೇಜಿನ ಮೇಲೆ ಆಗಷ್ಟೇ ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆಗಳು. ಆಚೆ ಹಗ್ಗ ಕಟ್ಟಿ, ಹಗ್ಗದ ಒಳಗೆ ಯಾರು ಬರಬೇಕು, ಹೊರಗೆ ಯಾರು ನಿಲ್ಲಬೇಕು ಅಂತ ಬೋರ್ಡು ನೆಟ್ಟಿದ್ದರು. ಮಾವನಿಗೆ ಜಾಗ ನೋಡಿದ ಕೂಡಲೇ ಗೌರವ ಬಂತು. ಗೇಟಿನ ಹೊರಗೇ ನಿಂತರು.

"ನಮಸ್ಕಾರ ಮೆಫ್ರೌ. ಇದು ಕೋವಿಯ ಚೀಲ. ಒಳಗೆ ಕೋವಿ ಇಲ್ಲ. ಇದನ್ನು..."

"ಹೊರಗಿಟ್ಟು ಬನ್ನಿ," ಅಂದಳು ಆಕೆ. ತಲೆಯನ್ನೂ ಎತ್ತಲಿಲ್ಲ. ಹದಿನೇಳು, ಹದಿನೆಂಟು ಅಂತ ಎಣಿಸುತ್ತಲೇ ಇದ್ದಳು.

ಮಾವ ಅಲ್ಲಾಡದೆ ನಿಂತರು. "ಇನ್ನೊಂದು ಸಲ ಹೇಳ್ತೀರಾ?" ಅಂತ ಕೇಳಿದರು.

ಆಕೆ ಇವರಿಗೆ ಕಿವಿ ಮಂದ ಅಂದುಕೊಂಡಿರಬೇಕು. ತಲೆಯೆತ್ತಿ ದೊಡ್ಡ ದನಿಯಲ್ಲಿ ಹೇಳಿದಳು. "ಚೀಲ, ಹೊರಗೆ, ಇಟ್ಟು, ಬನ್ನಿ!"

ಮಾವ ನಕ್ಕರು. ಅತ್ತೆ ಹೋದ ಮೇಲೆ ನಾನು ಆ ನಗುವನ್ನು ನೋಡಿರಲಿಲ್ಲ. ಚೀಲವನ್ನು ಗೇಟಿನ ಕಂಬಕ್ಕೆ ತೂಗುಹಾಕಿ, ಅದರ ಪಟ್ಟಿ ಸರಿಮಾಡಿ, ಖಾಲಿ ಭುಜದಲ್ಲಿ ಒಳಗೆ ಹೋದರು. ಬಲಕ್ಕೆ ವಾಲಿದ್ದು ನಿಜ.

ರೈತ ಒಂದು ಸಲಕ್ಕೆ ಒಂದೇ ಕ್ಯಾನು ಹಾರಿಸುತ್ತಿದ್ದ. ಮಾವ ಅವನ ಹತ್ತಿರ ಹೋಗಿ ಎರಡು ಒಟ್ಟಿಗೆ ಬೇಕು ಅಂದರು. ಯಾಕೆ ಅಂತ ಆತ ಕೇಳಿದ. ಮಾವ ಹೇಳಿದ್ದು ಗಾಳಿಗೆ ನನಗೆ ಕೇಳಿಸಲಿಲ್ಲ. ರೈತ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಆಮೇಲೆ ಎರಡು ಕ್ಯಾನುಗಳನ್ನು ಪಕ್ಕಪಕ್ಕಕ್ಕೆ ತಾನೇ ಹೊರಳಿಸಿದ.

ನಾನು ಹಗ್ಗದ ಹತ್ತಿರ ಬಂದೆ. ಮಾವ ನನ್ನನ್ನು ಕಂಡು ಕೈಯಾಡಿಸಿದರು. "ನೀನು ಇಲ್ಲಿ ನಿಲ್ಬೇಡ. ದೂರ ಹೋಗು, ಆ ಸೇತುವೆ ತನಕ ಹೋಗು. ಪಕ್ಕದಲ್ಲಿ ನಿಂತವಳಿಗೆ ತಿಳಿಸೋಕೆ ಗುಂಡು ಯಾಕೆ?"

ಹೋದೆ. ಕಾಲುವೆಯ ಸೇತುವೆ ಅರ್ಧ ಕಿಲೋಮೀಟರಾದರೂ ದೂರ. 'ತಿನ್ನುತ್ತಾ ಹೋಗಿ' ಅಂತ ರೈತನ ಹೆಂಡತಿ ಕೊಟ್ಟಿದ್ದ ಉಂಡೆ ಕೈಯಲ್ಲಿತ್ತು. ಚಳಿಗೆ ಮೂಗು ಸೋರುತ್ತಿತ್ತು. ಹೊಲದಲ್ಲಿ ಜನ ಚುಕ್ಕೆಗಳ ಹಾಗೆ ಕಾಣುತ್ತಿದ್ದರು. ಯಾವ ಚುಕ್ಕೆ ಮಾವ ಅಂತ ಗುರುತು ಸಿಗುತ್ತಿರಲಿಲ್ಲ. ಕೇಳಿಸದಿದ್ದರೆ ಏನು ಮಾಡುವುದು, ಕೇಳಿಸಿತು ಅಂತ ಸುಳ್ಳು ಹೇಳಿದರೆ ಮಾವನಿಗೆ ಗೊತ್ತಾಗುತ್ತದೆಯಾ ಅಂತೆಲ್ಲ ಹೆದರಿಕೆಯಾಯಿತು.

ಆಗ ಆಯಿತು. ಎರಡು, ಒಂದರ ಬೆನ್ನಿಗೊಂದು. ಎದೆಗೇ ಬಡಿದ ಹಾಗಾಯಿತು. ಹೊಲದಲ್ಲಿದ್ದ ಕಾಗೆಗಳೆಲ್ಲ ಎದ್ದವು. ಕಾಲುವೆಯ ದಂಡೆಯಲ್ಲಿ ಹೋಗುತ್ತಿದ್ದ ಅಪರಿಚಿತನೊಬ್ಬ ಸೈಕಲ್ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ ಆ ಕಡೆ ನೋಡಿದ.

ನಾನು ಕೈಲಿದ್ದ ಅರ್ಧ ತಿಂದ ಉಂಡೆಯನ್ನು ಸೇತುವೆಯ ಕಟ್ಟೆಯ ಮೇಲಿಟ್ಟು ಓಡಿದೆ. ಕೈಲಿದ್ದದ್ದು ಬಿಟ್ಟು ಹೋಗಬೇಕಲ್ಲ, ನನ್ನ ಕೈಲಿದ್ದದ್ದು ಅದೇ. ನೇಗಿಲು ಹೊಡೆದ ಮಣ್ಣಿನಲ್ಲಿ ಶೂ ಹೂತುಕೊಂಡಿತು. ಎರಡು ಸಲ ಮುಗ್ಗರಿಸಿದೆ. ಹತ್ತು ನಿಮಿಷದ ದಾರಿಗೆ ಹನ್ನೊಂದು ದಿನ ತಡವಾಗಿ ಹೋಗಿದ್ದವಳು ನಾನು. ಇವತ್ತಾದರೂ ಬೇಗ ಹೋಗಬೇಕಿತ್ತು.

ಮಾವ ಹಗ್ಗದ ಹತ್ತಿರ ಬಂದು ದಾರಿಯ ಕಡೆಗೇ ಮುಖ ಮಾಡಿ ನಿಂತಿದ್ದರು, ಮನೆಯ ಬಾಗಿಲಲ್ಲಿ ನಿಂತ ಯಜಮಾನರ ಹಾಗೆ. ಯಾರು ಬರುತ್ತಾರೆ ಅಂತ ನೋಡುತ್ತಿದ್ದರು. ನಾನು ಏದುಸಿರು ಬಿಡುತ್ತಾ ಎದುರಿಗೆ ನಿಂತೆ.

"ಎರಡು ಕೇಳಿಸ್ತು ಮಾವ," ಅಂದೆ. "ಬಂದೆ."

ಮಾವ ನನ್ನ ಎರಡೂ ಕೈ ಹಿಡಿದುಕೊಂಡರು. ಮೀಸೆ ಅದುರಿತು.

"ನಿನ್ನ ಅತ್ತೆ ಹೋದ್ಳು ಮಾರಾಯ್ತಿ," ಅಂದರು.

ಹದಿನಾಲ್ಕು ತಿಂಗಳಲ್ಲಿ ಮಾವ ಆ ಸುದ್ದಿಯನ್ನು ನನಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.